ಮೊದಲ ವಿಮಾನ ಕೊಳ್ಳೋರು ದಯವಿಟ್ಟು ಇದನ್ನ ಓದಿ

ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಮಾಡ್ಕೊಂಡು, ಇನ್ನು ಸ್ವಂತಕ್ಕೊಂದು ಹಳೇ ಸೆಸ್ನಾ ತಗೊಳ್ಳೋಣ ಅಂತಿರೋ ಕನ್ನಡದವರಿಗೆ ಬರೀತಿದ್ದೀನಿ. ಹೇಳ್ಕೊಳ್ಳೋಕೂ ನಾಚಿಕೆ. ಆದ್ರೂ ಹೇಳ್ತೀನಿ.

1978ರ ಸೆಸ್ನಾ 172ಎನ್, 62,000 ಡಾಲರ್. ಮಾರಿದವರು ನಮ್ಮ ಹಾಸನದ ಕಡೆಯವರೇ, ಅಣ್ಣ ಅಂತಾನೇ ಕರೀತಿದ್ದೆ. "ಎಂಜಿನ್ ಓವರ್‌ಹಾಲ್ ಆಗಿ ಬರೀ 700 ಗಂಟೆ. 2,000ದವರೆಗೆ ಯೋಚನೆ ಇಲ್ಲ" ಅಂದ್ರು. ಓವರ್‌ಹಾಲ್ ಅಂದ್ರೆ ಎಂಜಿನ್ ಪೂರ್ತಿ ಬಿಚ್ಚಿ, ಸವೆದದ್ದನ್ನ ಬದಲಾಯಿಸಿ ಮತ್ತೆ ಜೋಡಿಸೋದು. ನನ್ನ ಕಡೆ ಮೆಕ್ಯಾನಿಕ್‌ನಿಂದ ಪ್ರೀ-ಬೈ, ಅಂದ್ರೆ ಕೊಳ್ಳೋ ಮುಂಚಿನ ತಪಾಸಣೆ, ಮಾಡಿಸ್ತೀನಿ ಅಂದೆ. "ಹೋದ ತಿಂಗಳಷ್ಟೇ ಆ್ಯನುಯಲ್ (ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ) ಆಗಿದೆಯಲ್ಲೋ ತಮ್ಮಾ, ಸುಮ್ನೆ ಸಾವಿರ ಡಾಲರ್ ಯಾಕೆ ದಂಡ? ನನ್ನ ಮೇಲೆ ನಂಬಿಕೆ ಇಲ್ವಾ?" ಆ ಮಾತಿಗೆ ನನ್ನ ಬಾಯಿ ಕಟ್ಟಿಹೋಯ್ತು. ಅಲ್ಲೇ ನಾನು ಮೋಸ ಹೋಗಿದ್ದು. ಅಲ್ಲೇ.

ನಿಂಬೆಹಣ್ಣು ಚಕ್ರದ ಕೆಳಗಿಟ್ಟು ಪೂಜೆ ಮಾಡಿದ್ವಿ, ಅವರೂ ಬಂದು ಊಟ ಮಾಡ್ಕೊಂಡು ಹೋದ್ರು. ಕೈಲಿದ್ದಿದ್ದು ಒಟ್ಟು 70,000. ಮಿಕ್ಕಿದ್ದು ಇನ್ಶೂರೆನ್ಸ್, ಟೈ-ಡೌನ್ (ವಿಮಾನ ಕಟ್ಟಿ ನಿಲ್ಲಿಸೋ ಜಾಗ) ಬಾಡಿಗೆ, ಹೊಸ ರೇಡಿಯೋಗೆ ಹೋಯ್ತು. ಎಂಜಿನ್‌ಗೆ ಅಂತ ಒಂದು ಕಾಸೂ ಎತ್ತಿಟ್ಟಿರಲಿಲ್ಲ.

14 ಗಂಟೆ ಹಾರಿಸಿ ಆಯಿಲ್ ಬದಲಾಯಿಸೋಕೆ ಕೊಟ್ಟೆ. ಮೆಕ್ಯಾನಿಕ್ ಫಿಲ್ಟರ್ ಕೊಯ್ದು, ಒಳಗಿನ ಮಡಿಕೆ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದ. ಜರಿ ಉದುರಿದ ಹಾಗೆ ಮಿನುಗ್ತಿತ್ತು. ಮ್ಯಾಗ್ನೆಟ್ ತಂದ, ಎಲ್ಲಾ ಅಂಟ್ಕೊಂಡ್ತು. ಕಬ್ಬಿಣ. ಕ್ಯಾಮ್‌ಶಾಫ್ಟ್, ಅಂದ್ರೆ ಎಂಜಿನ್ ವಾಲ್ವ್‌ಗಳನ್ನ ತೆರೆಸೋ ಕಂಬಿ, ಸವೆದುಹೋಗಿತ್ತು.

ಆಮೇಲೆ ಲಾಗ್‌ಬುಕ್ ಸರಿಯಾಗಿ ಓದಿದೆ. ಆಮೇಲೆ! ಓವರ್‌ಹಾಲ್ ಆಗಿದ್ದು 1999ರಲ್ಲಿ. ಎಂಜಿನ್ ಮಾಡೋ ಲೈಕಮಿಂಗ್‌ನವರು ಓವರ್‌ಹಾಲ್‌ಗೆ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು ಅಂತಾರೆ. ಕಳೆದ ಆರು ವರ್ಷದಲ್ಲಿ ಒಟ್ಟು 22 ಗಂಟೆ ಹಾರಿದೆ, ಒಂದು ವರ್ಷ ಬರೀ 1.2 ಗಂಟೆ. ಈ ಎಂಜಿನ್‌ನಲ್ಲಿ ಕ್ಯಾಮ್ ಮೇಲ್ಗಡೆ ಇರುತ್ತೆ, ನಿಂತಲ್ಲೇ ನಿಂತ್ರೆ ಆಯಿಲೆಲ್ಲ ಕೆಳಗಿಳಿದು ತುಕ್ಕು ಹಿಡಿಯುತ್ತೆ. ಅದರಲ್ಲೂ ಇದು ಓ-320-ಎಚ್2ಎಡಿ ಅನ್ನೋ ಮಾದರಿ, ಕ್ಯಾಮ್ ತೊಂದರೆಗೇ ಹೆಸರಾದದ್ದು. ಆ್ಯನುಯಲ್‌ನಲ್ಲಿ ಸಿಲಿಂಡರ್ ಬಿಚ್ಚಿ ಕ್ಯಾಮ್ ನೋಡಬೇಕು ಅಂತೇನಿಲ್ಲ. ಮಾರಿದವರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಮಾರಿದ್ರು.

ಫೋನ್ ಮಾಡಿದೆ. "ನನ್ನ ಕೈಲಿದ್ದಾಗ ಏನೂ ಇರ್ಲಿಲ್ಲಪ್ಪ, ನೀನು ಹೇಗೆ ಹಾರಿಸಿದ್ಯೋ." ಹಾರಿಸಿದ್ದು 14 ಗಂಟೆ ನಾನು! ಮಾರನೇ ದಿನ ಮೆಸೇಜು: "ಆ್ಯಸ್ ಈಸ್ (ಇದ್ದದ್ದು ಇದ್ದ ಹಾಗೇ) ಅಂತ ಸೈನ್ ಹಾಕಿದ್ದೀಯ. ಹಳೇ ವಿಮಾನ ಅಂದ್ಮೇಲೆ ಇದೆಲ್ಲ ಇದ್ದಿದ್ದೇ." ತಮ್ಮಾ ಅನ್ನೋದು ಹೋಗಿತ್ತು. ಈಗ ಫೋನೂ ಎತ್ತಲ್ಲ.

ರಿಪೇರಿಗೆ 34,000 ಹೇಳಿದ್ದಾರೆ. ವಿಮಾನದ ಅರ್ಧಕ್ಕಿಂತ ಜಾಸ್ತಿ.

ಕಡಿಮೆ ಗಂಟೆ ಅಂತ ಖುಷಿಪಡಬೇಡಿ, ವರ್ಷಕ್ಕೆಷ್ಟು ಹಾರಿದೆ ಅಂತ ಲಾಗ್‌ಬುಕ್‌ನಲ್ಲಿ ಲೆಕ್ಕ ಹಾಕಿ. ಆ ವಿಮಾನವನ್ನ ಹಿಂದೆ ಮುಟ್ಟದ ಮೆಕ್ಯಾನಿಕ್‌ಗೇ ತೋರಿಸಿ. ಎಂಜಿನ್ ದುಡ್ಡು ಬೇರೆ ಇಟ್ಟೇ ರೇಟು ಮಾತಾಡಿ. ಅಣ್ಣ ಅಲ್ಲ, ಒಡಹುಟ್ಟಿದವನೇ ಮಾರಿದ್ರೂ ಪ್ರೀ-ಬೈ ಬಿಡಬೇಡಿ.

ಅದೇ ಮನುಷ್ಯ ಈಗ ಇನ್ನೊಂದು ವಿಮಾನ ಮಾರಾಟಕ್ಕಿಟ್ಟಿದ್ದಾರಂತೆ. ನೋಡೋಕೆ ಹೋಗಿರೋನೂ ನಮ್ಮ ಕಡೆ ಹುಡುಗನೇ ಅಂತೆ. ಅದಕ್ಕೇ ಬರೆದೆ.