ಪತ್ರಿಕೆಯ ಮನೆ ಪುರವಣಿ: ಕಲಬುರಗಿಯ ಹಳೆಯ ಚಂದಾದಾರನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಚಂದಾ ನಿಲ್ಲಿಸಿ ಅನ್ನುವುದಿಲ್ಲ. ಅದನ್ನೊಂದೇ ನಂಬಿ ಮನೆ ಕಟ್ಟಿಸಬೇಡಿ ಅನ್ನುತ್ತೇನೆ.

ನಾನು ಕಲಬುರಗಿಯಲ್ಲಿ ಮನೆ, ಅಂಗಡಿ, ಸಣ್ಣಪುಟ್ಟ ಶಾಲೆಗಳ ಪ್ಲ್ಯಾನ್ ಹಾಕಿಕೊಡುವ ಸಿವಿಲ್ ಇಂಜಿನಿಯರ್. ಒಂದು ಕನ್ನಡ ದಿನಪತ್ರಿಕೆಯ ಜೊತೆ ವಾರಕ್ಕೊಮ್ಮೆ ಮನೆ ಪುರವಣಿ ಬರುತ್ತದೆ. ಅದನ್ನೂ ಆ ಪತ್ರಿಕೆಯ ಜಿಲ್ಲಾ ಪುಟವನ್ನೂ ವರ್ಷಗಟ್ಟಲೆ ಓದಿದ್ದೇನೆ. ಪತ್ರಿಕೆಯ ಹೆಸರು ಬೇಡ. ನಾನು ಹೇಳುವ ಕೊರತೆ ಬೇರೆ ಪತ್ರಿಕೆಗಳಲ್ಲೂ ಇದೆ, ಟಿವಿಯಲ್ಲೂ ಇದೆ, ಮೊಬೈಲಿನಲ್ಲಿ ಬರುವ ಮನೆ ವಿಡಿಯೊಗಳಲ್ಲಂತೂ ಜಾಸ್ತಿ ಇದೆ.

ಒಂದು ಪುರವಣಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ಕೆಡಿಸಿಕೊಳ್ಳಲೇಬೇಕು. ಜನ ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಮನೆ ಕಟ್ಟಿ ಮುಗಿದಿರುತ್ತದೆ. ಜೇಬಿನಿಂದ ಮಡಚಿದ ಪೇಪರ್ ತೆಗೆಯುತ್ತಾರೆ, ಇಲ್ಲವೇ ಫೋನ್ ತೋರಿಸುತ್ತಾರೆ. "ಸರ್, ಎಲಿವೇಶನ್ ಹಿಂಗ ಬರಬೇಕ್ರಿ." ಎಲಿವೇಶನ್ ಅಂದರೆ ಮನೆಯ ಮುಂಭಾಗದ ನೋಟ. ಎಷ್ಟು ಜನ ಇರುತ್ತೀರಿ, ಗಾಳಿ ಎಲ್ಲಿಂದ ಬರಬೇಕು, ವಯಸ್ಸಾದವರು ಎಲ್ಲಿ ಮಲಗುತ್ತಾರೆ ಅನ್ನುವ ಮಾತೆಲ್ಲ ಆಮೇಲೆ. ಏನನ್ನು ಮೊದಲು ಮಾತಾಡಬೇಕು ಅನ್ನುವುದನ್ನು ಪೇಪರ್ ಆಗಲೇ ತೀರ್ಮಾನ ಮಾಡಿರುತ್ತದೆ.

ಸೇಡಂ ರಸ್ತೆ ಕಡೆ ಒಂದು ಮನೆ ಹಾಗೇ ಆಯಿತು. ಪುರವಣಿಯಲ್ಲಿ ಬೆಂಗಳೂರಿನ ಒಂದು ಮನೆಯ ಚಿತ್ರ ಬಂದಿತ್ತು. ಮುಂಭಾಗ ನೆಲದಿಂದ ಛಾವಣಿವರೆಗೆ ಗಾಜು. ನೋಡಲು ಚಂದ ಇತ್ತು, ಸುಳ್ಳಲ್ಲ. ನಮ್ಮವರ ಪ್ಲಾಟು ಪಶ್ಚಿಮಕ್ಕೆ ಮುಖ. ಬೇಡ ಅಂದೆ, ಬಿಸಿಲಿನ ಲೆಕ್ಕ ಹೇಳಿದೆ, ಒಪ್ಪಲಿಲ್ಲ. ಈಗ ಮೇ ತಿಂಗಳಲ್ಲಿ ಮಧ್ಯಾಹ್ನ ಅಲ್ಲಿಗೆ ಹೋದರೆ ಆ ಮನೆಯ ಅಜ್ಜಿ ಹೇಳುತ್ತಾರೆ, "ಹಗಲೆಲ್ಲ ಪರದಾ ಹಾಕ್ಕೊಂಡೇ ಕೂಡಬೇಕ್ರಿ." ಕೂಲರ್ ಸಾಲದೆ ಎಸಿ ಹಾಕಿಸಿದ್ದಾರೆ. ನಮ್ಮಲ್ಲಿ ಬೇಸಿಗೆಯಲ್ಲಿ 42, 43 ಡಿಗ್ರಿ ಅಂದರೆ ಮಾಮೂಲು. ಆ ಲೇಖನದಲ್ಲಿ ಮನೆ ಯಾವ ದಿಕ್ಕಿಗಿದೆ ಅಂತ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಇರಲಿಲ್ಲ. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಕೇರಳದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ಥರದ ಕಡಿಮೆ ಖರ್ಚಿನ ಕಟ್ಟಡ, ಮಣ್ಣಿನ ಇಟ್ಟಿಗೆ, ಮಳೆನೀರು ಕೊಯ್ಲು ಇವೆಲ್ಲ ನಮ್ಮ ಕಡೆಯ ಸಾಮಾನ್ಯ ಓದುಗರಿಗೆ ಮುಟ್ಟಿದ್ದು ಇಂಥ ಪುರವಣಿಗಳಿಂದಲೇ. ಇಟ್ಟಿಗೆಯನ್ನು ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ರ‍್ಯಾಟ್ ಟ್ರ್ಯಾಪ್ ಬಾಂಡ್ ಬಗ್ಗೆ ಒಮ್ಮೆ ಚಿತ್ರ ಸಮೇತ ಬಂದಿತ್ತು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಟೊಳ್ಳಿನಲ್ಲಿರುವ ಗಾಳಿ ಬಿಸಿಲನ್ನು ತಡೆಯುತ್ತದೆ. ಆ ಪುಟವನ್ನು ನಾನು ಗೌಂಡಿಗಳಿಗೆ ತೋರಿಸಿದ್ದೇನೆ. ಕನ್ನಡದಲ್ಲಿ, ಚಿತ್ರದ ಜೊತೆ ಇದ್ದರೆ ಕೆಲಸ ಎಷ್ಟು ಹಗುರಾಗುತ್ತದೆ ಅನ್ನುವುದು ಸೈಟಿನಲ್ಲಿ ನಿಂತವರಿಗೆ ಗೊತ್ತು. ಮೂರು ಸ್ಟಾರಿನಲ್ಲಿ ಒಂದೂವರೆ ಇದಕ್ಕೇ.

ಈಗ ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಆಳಂದ, ಬಸವಕಲ್ಯಾಣದ ಗಡಿ ದಾಟಿದರೆ ಲಾತೂರ್ ಜಿಲ್ಲೆ ದೂರವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿನ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಸಾವಿರಾರು ಜನ ಮಲಗಿದಲ್ಲೇ ಸತ್ತರು. ಎಲ್ಲ ಪತ್ರಿಕೆಗಳಲ್ಲಿ ಒಂದೇ ರೀತಿಯ ಚಿತ್ರ: ಕಲ್ಲು ಮಣ್ಣಿನ ರಾಶಿ. ಆ ಚಿತ್ರ ಬರಲೇಬೇಕಿತ್ತು. ಆದರೆ ಅದರ ಜೊತೆ ಬರಬೇಕಾಗಿದ್ದ ಇನ್ನೊಂದು ಮಾತು ಜನರನ್ನು ಮುಟ್ಟಲಿಲ್ಲ.

ಆ ಮನೆಗಳ ಗೋಡೆ ದಪ್ಪ, ನಿಜ. ಆದರೆ ಒಳಮುಖ ಬೇರೆ, ಹೊರಮುಖ ಬೇರೆ. ನಡುವೆ ಚೂರುಕಲ್ಲು, ಮಣ್ಣು. ಎರಡು ಮುಖಗಳನ್ನೂ ಹಿಡಿದಿಡುವ ಉದ್ದ ಕಲ್ಲುಗಳು ಇರಲಿಲ್ಲ. ನೆಲ ಅಲುಗಿದಾಗ ಎರಡೂ ಮುಖ ಬಿಚ್ಚಿಕೊಂಡು ಬಿದ್ದವು. ಮೇಲೆ ಮಾಳಿಗೆಯ ಮಣ್ಣಿನ ಭಾರ. ಎಷ್ಟೋ ಕಡೆ ಗೋಡೆ ಪೂರ್ತಿ ಬಿದ್ದರೂ ಒಳಗಿನ ಮರದ ಕಂಬ, ತೊಲೆಗಳ ಚೌಕಟ್ಟು ಹಾಗೇ ನಿಂತಿತ್ತು. ಅಂದರೆ ತಪ್ಪು ಕಲ್ಲಿನದಲ್ಲ, ಕಟ್ಟಿದ ರೀತಿಯದು. ಗೋಡೆಗೆ ಅಡ್ಡ ಹಾಯುವ ಉದ್ದ ಕಲ್ಲು ಇಡುವುದು, ಮೂಲೆಗಳನ್ನು ಹೆಣೆಯುವುದು, ಬಾಗಿಲು ಕಿಟಕಿಯ ಮೇಲೆ ಸುತ್ತಲೂ ಪಟ್ಟಿ ಹಾಕುವುದು, ಮಾಳಿಗೆಯ ಮಣ್ಣು ಕಡಿಮೆ ಮಾಡುವುದು. ಇಷ್ಟು ಮಾಡಿದರೆ ಅದೇ ಕಲ್ಲಿನ ಮನೆ ಎಷ್ಟೋ ಗಟ್ಟಿಯಾಗುತ್ತದೆ. ಇಂಥ ಮನೆಗಳನ್ನು ಗಟ್ಟಿ ಮಾಡುವ ಭಾರತೀಯ ಮಾನಕ ಸಂಸ್ಥೆಯ ಮಾರ್ಗಸೂಚಿ ಐಎಸ್ 13828 ಹೊರಬಂದದ್ದೂ ಅದೇ 1993ರಲ್ಲಿ. ನಮ್ಮ ಪುರವಣಿಯಲ್ಲಿ ಇದರ ಬಗ್ಗೆ ಒಂದು ಪುಟ ಬಂದದ್ದನ್ನು ನಾನು ನೋಡಿಲ್ಲ.

ಚಿತ್ರ ಮಾತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಕಲ್ಲು ಮಣ್ಣಿನ ಮನೆ ಅಂದರೆ ಸಾವು, ಸ್ಲ್ಯಾಬ್ ಅಂದರೆ ಬದುಕು. ಶಹಾಬಾದ ಕಲ್ಲು ಕಾಲಡಿಯಲ್ಲೇ ಸಿಗುವ ಜಿಲ್ಲೆಯಲ್ಲಿ ಕಲ್ಲಿನ ಗೋಡೆ ಕಟ್ಟುವ ಗೌಂಡಿಗಳು ಕಡಿಮೆಯಾದರು. ಪಡಸಾಲೆ, ಬೆಳಕಿಂಡಿ, ತಂಪು ಮಾಳಿಗೆ ಇದ್ದ ಮನೆಗಳನ್ನು ಕೆಡವಿ ನಾಲ್ಕಿಂಚು, ಆರಿಂಚು ಗೋಡೆಯ ಮೇಲೆ ಕಾಂಕ್ರೀಟ್ ಹಾಕಿದರು. ಪಿಲ್ಲರ್ ಸರಿ ಇಲ್ಲದ, ಕಬ್ಬಿಣ ಕಡಿಮೆ ಹಾಕಿದ ಸ್ಲ್ಯಾಬ್ ಮನೆ ಭೂಕಂಪದಲ್ಲಿ ಏನಾಗುತ್ತದೆ ಅಂತ 2001ರಲ್ಲಿ ಗುಜರಾತಿನಲ್ಲಿ ನೋಡಿದೆವು. ಆದರೂ ಭಯ ಕಲ್ಲಿನ ಮೇಲೇ ಉಳಿಯಿತು. ಇದೆಲ್ಲ ಪೇಪರ್ ಒಂದರಿಂದಲೇ ಆಯಿತು ಅನ್ನುವುದಿಲ್ಲ. ಕೂಲಿ, ಸಿಮೆಂಟು, ಸಾಲ, ಮರ್ಯಾದೆ ಎಲ್ಲ ಸೇರಿದೆ. ಆದರೆ ಹೆದರಿದ ಜನಕ್ಕೆ ಕಾರಣ ಬಿಡಿಸಿ ಹೇಳುವ ಕೆಲಸ ಪೇಪರಿನದ್ದೇ ಅಲ್ವಾ?

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಸೇಂಟ್ ಲೂಯಿಯಲ್ಲಿ 1950ರ ದಶಕದಲ್ಲಿ ಬಡವರಿಗಾಗಿ ಪ್ರುಯಿಟ್-ಐಗೊ ಅಂತ 33 ದೊಡ್ಡ ಕಟ್ಟಡ ಕಟ್ಟಿದರು. 1972ರಲ್ಲಿ ಅವನ್ನು ಸ್ಫೋಟಿಸಿ ಕೆಡವಲು ಶುರು ಮಾಡಿದಾಗ ತೆಗೆದ ಚಿತ್ರ ಜಗತ್ತೆಲ್ಲ ಸುತ್ತಿತು. ಆಧುನಿಕ ವಾಸ್ತುಶಿಲ್ಪ ಅಲ್ಲೇ ಸತ್ತಿತು ಅಂತ ಒಬ್ಬ ದೊಡ್ಡ ವಿಮರ್ಶಕರು ಬರೆದರು. ಕಟ್ಟಡದ ನಿರ್ವಹಣೆಗೆ ಹಣ ಬಡ ಬಾಡಿಗೆದಾರರ ಬಾಡಿಗೆಯಿಂದಲೇ ಬರಬೇಕಿತ್ತು, ಊರಿನ ಜನಸಂಖ್ಯೆಯೇ ಕುಸಿಯುತ್ತಿತ್ತು, ಕಪ್ಪು ಜನರನ್ನು ಬೇರೆ ಇಡುವ ರಾಜಕೀಯ ಇತ್ತು ಅನ್ನುವುದು ಬಹಳ ತಡವಾಗಿ ಚರ್ಚೆಗೆ ಬಂತು. ಅಷ್ಟರಲ್ಲಿ ಬಡವರ ಮನೆಗೆ ಒಳ್ಳೆಯ ವಿನ್ಯಾಸ ದಂಡ ಅನ್ನುವ ಮಾತು ಬೇರೂರಿತ್ತು.

ಪತ್ರಿಕೆ ಮನಸ್ಸು ಮಾಡಿದರೆ ಏನು ಮಾಡಬಹುದು ಅನ್ನುವುದಕ್ಕೂ ಉದಾಹರಣೆ ಇದೆ. ಮುಂಬೈನಲ್ಲಿ 1946ರಲ್ಲಿ ಶುರುವಾದ ‘ಮಾರ್ಗ್’ ಪತ್ರಿಕೆ 1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಇಂಜಿನಿಯರ್ ಶಿರೀಷ್ ಪಟೇಲ್ ಅವರ ಪ್ರಸ್ತಾವವನ್ನು ಅಚ್ಚು ಹಾಕಿತು. ಕೊಲ್ಲಿಯ ಆಚೆ ಹೊಸ ನಗರ ಕಟ್ಟಬೇಕು ಅನ್ನುವುದು ಆ ಪ್ರಸ್ತಾವ. 1970ರಲ್ಲಿ ಸರ್ಕಾರ ಅದಕ್ಕಾಗಿ ಸಿಡ್ಕೊ ಅನ್ನುವ ನಗರಾಭಿವೃದ್ಧಿ ನಿಗಮ ಸ್ಥಾಪಿಸಿತು. ಇವತ್ತಿನ ನವಿ ಮುಂಬೈ ಅದರಿಂದ ಬಂದದ್ದು. ಕಟ್ಟುವ ಮೊದಲೇ ನಕ್ಷೆಯನ್ನು ಜನರ ಮುಂದೆ ಇಡುವುದು ಪತ್ರಿಕೆಯಿಂದ ಆಗುವ ಕೆಲಸ. ನಮ್ಮ ಜಿಲ್ಲಾ ಪುಟದಲ್ಲಿ ಬಸ್ ನಿಲ್ದಾಣ, ಆಸ್ಪತ್ರೆ, ಹಾಸ್ಟೆಲ್‌ಗಳ ನಕ್ಷೆ ಕಟ್ಟುವ ಮೊದಲು ಬರುವುದಿಲ್ಲ. ಗುದ್ದಲಿಪೂಜೆಯ ಫೋಟೊ ಬರುತ್ತದೆ, ಆಮೇಲೆ ಉದ್ಘಾಟನೆಯ ಫೋಟೊ ಬರುತ್ತದೆ. ನಡುವೆ ಏನೂ ಇಲ್ಲ. ಉದ್ಘಾಟನೆ ಆದಮೇಲೆ ಕಟ್ಟಡ ಸೋರಿದರೆ ಮತ್ತೆ ಸುದ್ದಿ.

ಆದರೂ ಜಿಲ್ಲಾ ಪುಟಕ್ಕೆ ನಾನು ಪುರವಣಿಗಿಂತ ಹೆಚ್ಚು ಅಂಕ ಕೊಡುತ್ತೇನೆ. ಕಾರಣ ಒಂದು ವರದಿ. ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಸಾಮೂಹಿಕ ಶೌಚಾಲಯ ಬಳಕೆಯೇ ಆಗದೆ ನಿಂತಿತ್ತು. "ಜನರಿಗೆ ಅರಿವಿಲ್ಲ" ಅಂತ ಬರೆದು ಮುಗಿಸಬಹುದಿತ್ತು. ವರದಿಗಾರ್ತಿ ಹಾಗೆ ಮಾಡಲಿಲ್ಲ. ಹೆಂಗಸರ ಜೊತೆ ಕೂತು ಕೇಳಿದರು. ಒಬ್ಬಾಕೆ ಹೇಳಿದ್ದು ಹೀಗೆ ಅಚ್ಚಾಗಿತ್ತು: "ಗಂಡಸರು ಕೂಡೋ ಕಟ್ಟಿ ಎದುರಿಗೇ ಬಾಗಲ ಅದರಿ. ಹೆಂಗ ಹೋಗಬೇಕು?" ಒಳಗೆ ನೀರಿನ ತೊಟ್ಟಿ ಕೈಗೆ ಎಟುಕದ ಎತ್ತರದಲ್ಲಿತ್ತು ಅನ್ನುವುದೂ ಬಂತು. ಕೆಲವು ತಿಂಗಳಲ್ಲಿ ಬಾಗಿಲು ಹಿಂದಕ್ಕೆ ಹೋಯಿತು, ಮುಂದೆ ಮರೆಗೋಡೆ ಎದ್ದಿತು. ಆ ದಾರಿಯಲ್ಲಿ ಹೋಗುವಾಗ ಈಗ ಅಲ್ಲಿ ಓಡಾಟ ಕಾಣುತ್ತದೆ. ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಬಳಸುವವರನ್ನು ಕೇಳು ಅಂತ. ಇಂಥ ವರದಿ ವರ್ಷಕ್ಕೊಂದು ಬಂದರೂ ನಾನು ಚಂದಾ ಕಟ್ಟುತ್ತೇನೆ.

ಹಳೆಯ ಕಟ್ಟಡಗಳ ವಿಷಯದಲ್ಲಿ ಪುರವಣಿ ಹೇಳಿದ್ದನ್ನೇ ಹೇಳುತ್ತದೆ. ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿ ಅಂದರೆ ಸ್ಪೇನಿನ ಕಾರ್ಡೋಬಾ ಮಸೀದಿಯ ಹೋಲಿಕೆ, ಅಲ್ಲಿಗೆ ಲೇಖನ ಮುಗಿಯಿತು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ಇರುವ ತೆರೆದ ಅಂಗಳ ಇಲ್ಲಿಲ್ಲ, ಪೂರ್ತಿ ಗುಮ್ಮಟಗಳಿಂದ ಮುಚ್ಚಿದ್ದಾರೆ. ಸುತ್ತಲಿನ ಅಗಲ ಕಮಾನುಗಳಿಂದ ಬೆಳಕು ಬರುತ್ತದೆ, ಗಾಳಿ ಆಡುತ್ತದೆ. ಬೇಸಿಗೆಯಲ್ಲಿ ಒಳಗೆ ಹೋಗಿ ನಿಂತವರಿಗೆ ಅದರ ಸುಖ ಗೊತ್ತಾಗುತ್ತದೆ. ಗಾಜಿನ ಎಲಿವೇಶನ್ ಕೇಳುವವರಿಗೆ ನಾನು ಅಲ್ಲಿ ಹೋಗಿ ಬನ್ನಿ ಅನ್ನುತ್ತೇನೆ.

ಬೀದರ್ ವಿಷಯದಲ್ಲಿ ಸ್ವಲ್ಪ ಬೇರೆ ಆಗಿದೆ. ಅಲ್ಲೂ ಮೊದಲು ಮಹಮೂದ್ ಗಾವಾನ್ ಮದರಸಾದ ಮಿನಾರಿನ ಚಿತ್ರವೇ. ಆಮೇಲೆ ನೌಬಾದ್ ಕರೇಜ್, ಅಂದರೆ ಬಹಮನಿ ಕಾಲದ ಸುರಂಗ ನೀರಿನ ಕಾಲುವೆ, ಸುದ್ದಿಗೆ ಬಂತು. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಅಪಾಯದಲ್ಲಿರುವ ಹಳೆಯ ತಾಣಗಳ ನಿಗಾಪಟ್ಟಿಯಲ್ಲಿ ಬೀದರ್ ನಗರ ಸೇರಿತು. ಸಂಶೋಧಕರು ಬರೆದರು, ಪತ್ರಿಕೆಗಳು ಬೆನ್ನು ಹತ್ತಿದವು, ಹೂಳು ತೆಗೆಯುವ ಕೆಲಸವೂ ನಡೆಯಿತು. ಅರಮನೆ, ಗೋರಿ ಬಿಟ್ಟು ಊರಿನ ನೀರಿನ ವ್ಯವಸ್ಥೆಯೂ ವಾಸ್ತುಶಿಲ್ಪವೇ ಅಂತ ಓದುಗರು ಮಾತಾಡಲು ಶುರು ಮಾಡಿದ್ದು ಆಗಲೇ.

ಪುರವಣಿಯಲ್ಲಿ ಸಿಗದ್ದನ್ನು ನಾನು ಆರ್ಕ್‌ನೆಟ್‌ನಲ್ಲಿ ಓದುತ್ತೇನೆ. ಇದು ವಾಸ್ತುಶಿಲ್ಪದ ವೆಬ್‌ಸೈಟ್, ಪೂರ್ತಿ ಉಚಿತ. ಇದಕ್ಕೆ ನನ್ನ ನಾಲ್ಕೂವರೆ ಸ್ಟಾರ್. ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಕಡತಗಳು ಅಲ್ಲಿವೆ. ಆ ಪ್ರಶಸ್ತಿಯ ನಿಯಮ ನನಗೆ ಬಹಳ ಹಿಡಿಸಿದೆ. ಕಟ್ಟಡ ಕನಿಷ್ಠ ಒಂದು ವರ್ಷ ಬಳಕೆಯಲ್ಲಿರಬೇಕು. ಆಮೇಲೆ ಪರಿಣತರೊಬ್ಬರು ಅಲ್ಲಿಗೇ ಹೋಗಿ ನೋಡಿ, ಬಳಸುವವರನ್ನು ಮಾತಾಡಿಸಿ ವರದಿ ಬರೆಯುತ್ತಾರೆ. ಖರ್ಚು, ಸಾಮಗ್ರಿ, ಹವೆ, ಜನರ ಅಭಿಪ್ರಾಯ ಎಲ್ಲ ಅದರಲ್ಲಿ ಇರುತ್ತದೆ.

ಬುರ್ಕಿನಾ ಫಾಸೊ ದೇಶದ ಗಾಂಡೊ ಹಳ್ಳಿಯ ಶಾಲೆಯನ್ನೇ ನೋಡಿ. ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ತಮ್ಮ ಊರವರ ಜೊತೆ ಸೇರಿ 2001ರಲ್ಲಿ ಕಟ್ಟಿ ಮುಗಿಸಿದರು. 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ನಮ್ಮಲ್ಲಿ ಹೆಸರು ಕೇಳಿದ್ದು 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂದಾಗ. ಆ ಸುದ್ದಿಯಲ್ಲಿ ಪ್ರಶಸ್ತಿಯ ಮಾತು ಜಾಸ್ತಿ, ಶಾಲೆಯ ಮಾತು ಕಡಿಮೆ. ಶಾಲೆಯ ಮಾತು ನಮಗೆ ಬೇಕಿತ್ತು. ಮಣ್ಣಿನ ಇಟ್ಟಿಗೆಯ ಗೋಡೆ, ಅದೇ ಇಟ್ಟಿಗೆಯ ಒಳಛಾವಣಿ, ಅದರ ಮೇಲೆ ಅಂತರ ಬಿಟ್ಟು ತಗಡು. ಒಳಗಿನ ಬಿಸಿ ಗಾಳಿ ಸಂದಿಗಳಿಂದ ಮೇಲೇರಿ ತಗಡಿನ ಕೆಳಗೆ ಹೊರಗೆ ಹೋಗುತ್ತದೆ. ಅಲ್ಲೂ ನಮ್ಮ ಹಾಗೆ ಉರಿಬಿಸಿಲು. ಯಾದಗಿರಿ ಕಡೆಯ ಒಂದು ಖಾಸಗಿ ಶಾಲೆಯವರು ತಗಡಿನ ಎರಡು ಕೋಣೆ ಬೇಕು ಅಂದಾಗ ನಾನು ಆ ಚಿತ್ರ ತೋರಿಸಿದೆ. ಬಜೆಟ್ಟಿಗೆ ತಕ್ಕಂತೆ ತಗಡನ್ನು ಎತ್ತಿ, ಕೆಳಗೆ ಬಿದಿರಿನ ತಟ್ಟಿ ಹಾಕಿದೆವು. ಮಧ್ಯಾಹ್ನದ ತರಗತಿ ಈಗ ಅಲ್ಲೇ ನಡೆಯುತ್ತದೆ ಅಂತ ಮೇಷ್ಟ್ರು ಹೇಳುತ್ತಾರೆ.

ಆರ್ಕ್‌ನೆಟ್‌ನ ತೊಂದರೆ ಭಾಷೆ. ನಮ್ಮ ಗೌಂಡಿಗಳಿಗೆ, ಮನೆ ಕಟ್ಟಿಸುವವರಿಗೆ ಇಂಗ್ಲಿಷ್ ವರದಿ ಕೊಟ್ಟು ಏನು ಪ್ರಯೋಜನ? ಆ ಜಾಗವನ್ನು ತುಂಬಬೇಕಾದದ್ದು ಕನ್ನಡ ಪುರವಣಿಯೇ. ಸಂಪಾದಕರಿಗೆ ನಾನು ಬರೆದಿದ್ದೇನೆ. ಹೊಸ ಮನೆಗಳ ಜೊತೆ ಐದು ವರ್ಷ ಹಳೆಯ ಒಂದು ಮನೆಯನ್ನೂ ಹಾಕಿ. ಕರೆಂಟ್ ಬಿಲ್ ಎಷ್ಟು, ಎಲ್ಲಿ ಸೋರಿತು, ಯಾವ ಕೋಣೆ ಖಾಲಿ ಬಿದ್ದಿದೆ ಅಂತ ಮನೆಯವರನ್ನೇ ಕೇಳಿ. ಫೋಟೊದಲ್ಲಿ ಜನ ಇರಲಿ. ಆಶ್ರಯ ಬಡಾವಣೆಯ ಮನೆಗಳನ್ನೂ ತೋರಿಸಿ. ಅಲ್ಲಿನ ಜನ ಮುಂದೆ ಕಟ್ಟೆ, ಪಕ್ಕದಲ್ಲಿ ತಗಡಿನ ಅಡುಗೆಮನೆ ಸೇರಿಸಿಕೊಂಡಿದ್ದರೆ ಅದು ಪ್ಲ್ಯಾನ್ ಹಾಕಿದವರು ಮರೆತ ಪಾಠ ಅಂತ ಓದಿ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.

ಈ ವರ್ಷವೂ ಚಂದಾ ಕಟ್ಟಿದ್ದೇನೆ. ಮನೆ ಕಟ್ಟಿಸುವವರಿಗೆ ನನ್ನ ಸಲಹೆ ಇಷ್ಟೇ. ಪುರವಣಿಯ ಚಿತ್ರ ಇಷ್ಟವಾದರೆ ಧಾರಾಳವಾಗಿ ಕತ್ತರಿಸಿ ಇಟ್ಟುಕೊಳ್ಳಿ, ಇಂಜಿನಿಯರಿಗೆ ತೋರಿಸಿ. ಆದರೆ ಆ ಮನೆ ಯಾವ ಊರಿನದು, ಮುಖ ಯಾವ ದಿಕ್ಕಿಗೆ, ಕಟ್ಟಿ ಎಷ್ಟು ವರ್ಷ ಆಯಿತು ಅಂತ ಪತ್ರಿಕೆಗೆ ಒಂದು ಮೇಲ್ ಹಾಕಿ ಕೇಳಿ. ನಾನೊಬ್ಬನೇ ಕೇಳಿದರೆ ಸಾಲದು, ನೀವೂ ಕೇಳಿ.