ಕಚ್ಚಲು ಶುರುಮಾಡಿದ ಅಂಜುಬುರುಕ ನಾಯಿಗೆ ಯಾವ ಬಾಯಿಕುಕ್ಕೆ?

ಉಳುವ ಎತ್ತಿಗೆ ಕಟ್ಟುವ ಬಾಯಿಕುಕ್ಕೆ ಹಾಸನದ ಸೀಮೆಯವರಿಗೆ ಹೊಸದಲ್ಲ. ಕುಕ್ಕೆ ಹಾಕಿದ ಎತ್ತು ಪೈರಿಗೆ ಬಾಯಿ ಹಾಕುವುದಿಲ್ಲ, ಹಾಗಂತ ಅದರ ಹಸಿವು ಹೋಗಿರುವುದಿಲ್ಲ. ನಾಯಿಯ ಮಝಲ್ ಕೂಡ ಅಷ್ಟೇ. ಗುಡುಗಿಗೆ, ಪಟಾಕಿಗೆ, ಹೊಸ ಮುಖಕ್ಕೆ ನಡುಗುತ್ತಿದ್ದ ನಾಯಿ ಈಗ ಮೈಮೇಲೆ ಎಗರುತ್ತಿದ್ದರೆ ಮಝಲ್ ಅದರ ಹಲ್ಲನ್ನು ತಡೆದೀತು, ಹೆದರಿಕೆ ಒಳಗೇ ಇರುತ್ತದೆ. ಇಷ್ಟು ತಿಳಿದು ಮಝಲ್ ಕೊಳ್ಳಲು ಹೊರಟವರಿಗೆ ಮೂರು ಬಗೆ ಸಿಗುತ್ತವೆ.

ಅಗ್ಗದ್ದು ನೈಲಾನ್ ಪಟ್ಟಿ. ಇದನ್ನು ಕೊಳ್ಳಬೇಡಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಟ್ಟು. ಈ ಪಟ್ಟಿ ಬಾಯನ್ನೇ ಬಿಗಿದುಬಿಡುತ್ತದೆ. ಇಂಜೆಕ್ಷನ್ ಕೊಡಿಸುವಾಗ, ಉಗುರು ಕತ್ತರಿಸುವಾಗ ಐದು ನಿಮಿಷಕ್ಕೆ ಪರವಾಗಿಲ್ಲ. ಏಪ್ರಿಲ್ ತಿಂಗಳ ಅರಸೀಕೆರೆ ಬಿಸಿಲಲ್ಲಿ ಇದನ್ನು ಕಟ್ಟಿ ವಾಕಿಂಗ್ ಕರೆದೊಯ್ದರೆ ಪ್ರಾಣಕ್ಕೇ ಕುತ್ತು. ಮುಂದಿನ ಹಲ್ಲು ಹೊರಗೇ ಉಳಿಯುವುದರಿಂದ ಚಿವುಟಿದಂತೆ ಕಚ್ಚಲೂ ಸಾಧ್ಯ.

ಕಬ್ಬಿಣದ ತಂತಿಯ ಬುಟ್ಟಿ ಗಟ್ಟಿಮುಟ್ಟು. ಈಗಾಗಲೇ ರಕ್ತ ಬರುವಂತೆ ಕಚ್ಚಿದ ದೊಡ್ಡ ನಾಯಿಗೆ ಇದೇ ಸರಿ. ಆದರೆ ಮೂಡಿಗೆರೆ, ಸಕಲೇಶಪುರದ ಮಳೆಗೆ ಬೆಸುಗೆ ಹಾಕಿದ ಜಾಗ ತುಕ್ಕು ಹಿಡಿಯುತ್ತದೆ, ತೊಗಲಿನ ಪಟ್ಟಿಗೆ ಬೂಷ್ಟು ಬರುತ್ತದೆ. ನಾಯಿ ಖುಷಿಯಲ್ಲಿ ಮೂತಿ ಗುದ್ದಿದರೂ ನಿಮ್ಮ ಮಂಡಿ ಊದಿಕೊಳ್ಳುತ್ತದೆ ಅನ್ನುವುದು ಬೇರೆ ಮಾತು.

ಮಿಕ್ಕವರಿಗೆ ರಬ್ಬರಿನಂಥ ಮೆತ್ತನೆ ಬುಟ್ಟಿಯೇ ಒಳ್ಳೆಯದು. ಬಾಸ್ಕರ್‌ವಿಲ್ ಅಲ್ಟ್ರಾ ಎಂಬ ಮಝಲ್ ಈ ಜಾತಿಯದು, 1ರಿಂದ 6ರವರೆಗೆ ಅಳತೆಗಳಿವೆ. ಬಿಸಿನೀರಲ್ಲಿ ಅದ್ದಿ, ಮೂತಿಗೆ ತಕ್ಕಂತೆ ಒತ್ತಿ ಆಕಾರ ಕೊಟ್ಟು, ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ (ಬಿಸಿಯಿರುವಾಗ ನಾಯಿಗೆ ತೊಡಿಸಬಾರದು). ನಾಯಿ ಇದರಲ್ಲೇ ನೀರು ಕುಡಿಯುತ್ತದೆ, ಸಂದಿಯಲ್ಲಿ ತಿಂಡಿಯನ್ನೂ ತುರುಕಬಹುದು. ಇದರ ದೋಷವೂ ಆ ಮೆತ್ತಗಿನ ಗುಣವೇ: ಬಲವಾದ ನಾಯಿ ಮೂತಿ ಒತ್ತಿ ನುಗ್ಗಿದರೆ ಬುಟ್ಟಿ ಬಾಗುತ್ತದೆ. ಪಗ್‌ನಂಥ ಚಪ್ಪಟೆ ಮೂತಿಗೆ ಇದು ಕೂರುವುದೇ ಇಲ್ಲ.

ತಳಿಯ ಹೆಸರು ಹೇಳಿ ಕೊಂಡರೆ ಅಳತೆ ತಪ್ಪುತ್ತದೆ. ಕಣ್ಣಿನಿಂದ ಸುಮಾರು ಒಂದು ಸೆಂ.ಮೀ. ಕೆಳಗಿಂದ ಮೂಗಿನ ತುದಿಯವರೆಗೆ ಉದ್ದ, ಅದೇ ಜಾಗದಲ್ಲಿ ಮೂತಿಯ ಸುತ್ತಳತೆ, ಎರಡನ್ನೂ ಟೇಪಿನಲ್ಲಿ ಹಿಡಿಯಿರಿ. ತೊಡಿಸಿದ ಮೇಲೆ ಮೂಗಿನ ಮುಂದೆ ಒಂದು ಸೆಂ.ಮೀ. ಜಾಗ ಇರಬೇಕು, ನಾಲಿಗೆ ಹೊರಚಾಚಿ ಏದುಸಿರು ಬಿಡುವಷ್ಟು ಬಾಯಿ ತೆರೆಯಬೇಕು, ಅಂಚು ಕಣ್ಣಿಗೆ ತಾಗಬಾರದು. ಕತ್ತಿನ ಪಟ್ಟಿಯೊಳಗೆ ಒಂದು ಬೆರಳು ಹೋದರೆ ಸಾಕು. ಹಣೆಯ ಮೇಲೆ ಹಾಯುವ ಪಟ್ಟಿ ಇಲ್ಲದ್ದನ್ನು ನಾಯಿ ಮುಂಗಾಲಿನಲ್ಲಿ ಕಿತ್ತೆಸೆಯುತ್ತದೆ.

ತಂದ ದಿನವೇ ಬಿಗಿದವರೇ ಹೆಚ್ಚಾಗಿ “ನಮ್ಮ ನಾಯಿಗೆ ಆಗಲಿಲ್ಲ” ಎಂದು ಮೂಲೆಗೆಸೆಯುವುದು. ಎರಡು ವಾರ ಕೊಡಿ. ಮೊದಲ ಮೂರು ದಿನ ಬುಟ್ಟಿಯನ್ನು ಬಟ್ಟಲಿನಂತೆ ಕೈಯಲ್ಲಿ ಹಿಡಿದು ಒಳಗೆ ಗಟ್ಟಿ ಮೊಸರು ಸವರಿ, ಇಲ್ಲವೇ ಬೇಯಿಸಿದ ಕೋಳಿ ಲಿವರ್ ಚೂರು ಹಾಕಿ. ಮೂತಿಯನ್ನು ನಾಯಿಯೇ ತೂರಿಸಬೇಕು, ನೀವು ತಳ್ಳಬಾರದು. ತಾನಾಗಿ ತೂರಿಸಿ ಹತ್ತು ಸೆಕೆಂಡ್ ನಿಲ್ಲುವವರೆಗೆ ಬಕಲ್ ಮುಟ್ಟಬೇಡಿ. ಆಮೇಲೆ ಹಾಕಿ ಐದು ಸೆಕೆಂಡ್, ಮೂವತ್ತು, ಒಂದು ನಿಮಿಷ, ಹತ್ತು ನಿಮಿಷ. ಕಾಲಿನಲ್ಲಿ ಕೆರೆಯಲು ಶುರುಮಾಡಿದರೆ ಅವಸರ ಮಾಡಿದ್ದೀರಿ ಅಂತಲೇ ಅರ್ಥ; ನಾಲ್ಕು ಹೆಜ್ಜೆ ನಡೆಸಿ, ಕೆರೆತ ನಿಂತಾಗ ಬಿಚ್ಚಿ, ಮಾರನೇ ದಿನ ಹಿಂದಿನ ಹಂತದಿಂದ ಹಿಡಿಯಿರಿ. ನೆಂಟರು ಬಂದಾಗ, ಡಾಕ್ಟ್ರ ಹತ್ತಿರ ಹೋಗುವಾಗ ಮಾತ್ರ ಹಾಕಿದರೆ ಮಝಲ್ ಕಂಡರೇ ನಾಯಿ ಹಲ್ಲು ಕಿರಿಯುತ್ತದೆ. ಸುಮ್ಮನಿರುವ ಸಂಜೆಯಲ್ಲೂ ಹಾಕಿ ಬಿಚ್ಚುತ್ತಿರಬೇಕು.

ಗುರ್ ಅಂದದ್ದಕ್ಕೆ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟು, ಸದ್ದಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ. ಸಿಟ್ಟು ದಿಢೀರನೆ ಬಂದಿದ್ದರೆ ಕಿವಿ ಸೋಂಕು, ಹಲ್ಲು, ಸೊಂಟದ ನೋವು ಇದೆಯೇ ಎಂದು ಮೊದಲು ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೆದರಿಕೆಗೆ ವೈದ್ಯರು ಬರೆಯುವ ಫ್ಲೂಆಕ್ಸೆಟಿನ್ ಪೂರ್ತಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು; ವಾರದಲ್ಲೇ ಪ್ರಯೋಜನ ಇಲ್ಲವೆಂದು ನಿಲ್ಲಿಸಬೇಡಿ. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು. ಸಾಕಿದ ನಾಯಿಯಾದರೂ ಅಷ್ಟೇ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಮಝಲ್ ಹಾಕಿದ ನಾಯಿಯನ್ನು ಕಣ್ಣಳತೆ ದಾಟಿಸಬೇಡಿ. ಬುಟ್ಟಿ ಕಾಫಿ ಗಿಡದ ರೆಂಬೆಗೋ ತಂತಿ ಬೇಲಿಗೋ ಸಿಕ್ಕಿಕೊಳ್ಳುತ್ತದೆ, ವಾಂತಿಯಾದರೆ ಉಸಿರು ಕಟ್ಟುತ್ತದೆ. ಚಿರತೆ ಓಡಾಡುವ ಕಡೆ ರಾತ್ರಿ ಮಝಲ್ ಬಿಚ್ಚಿ, ನಾಯಿಯನ್ನು ಬಾಗಿಲೊಳಗೆ ಹಾಕಿ. ಬಾಯಿ ಕಟ್ಟಿ ಅಂಗಳದಲ್ಲಿ ಸರಪಳಿಗೆ ಬಿಗಿದ ನಾಯಿಗೆ ಓಡಲೂ ಆಗದು, ತಿರುಗಿ ಬೀಳಲೂ ಆಗದು.