ಕಡಲು ತಪ್ಪಿದಾಗ ಸಿಕ್ಕ ಬೆಟ್ಟ

ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ಗೆ ಹೋಗುವ ಕೋಸ್ಟ್ ಸ್ಟಾರ್‌ಲೈಟ್ ರೈಲನ್ನು ಹೆಚ್ಚಿನವರು ಹತ್ತುವುದೇ ಪೆಸಿಫಿಕ್ ಕಡಲಂಚಿನ ನೋಟಕ್ಕಾಗಿ. ಆದರೆ ಕರಾವಳಿಯ ಹಳಿಯನ್ನು ದುರಸ್ತಿಗೆಂದು ಮುಚ್ಚಿದಾಗ ಇದೇ ರೈಲು ಕೆಲವೊಮ್ಮೆ ಮೊಹಾವೆ ಮರುಭೂಮಿಯ ಅಂಚನ್ನು ಬಳಸಿ, ತೆಹಾಚಪಿ ಬೆಟ್ಟವನ್ನೇರಿ, ಬೇಕರ್ಸ್‌ಫೀಲ್ಡ್ ಕಡೆಗೆ ಇಳಿಯುತ್ತದೆ. ಸಾಂಟಾ ಬಾರ್ಬರಾದಂಥ ಕರಾವಳಿಯ ಊರುಗಳಲ್ಲಿ ಇಳಿಯಬೇಕಾದವರಿಗೆ ಈ ಮಾರ್ಗ ಸಲ್ಲದು. ನೋಟಕ್ಕಾಗಿಯೇ ಹೊರಟವರಿಗೆ ಮಾತ್ರ ಇದೊಂದು ಅಪರೂಪದ ಭಾಗ್ಯ, ಏಕೆಂದರೆ ಇಲ್ಲಿ ಸಾಮಾನ್ಯ ದಿನಗಳಲ್ಲಿ ಗೂಡ್ಸ್ ರೈಲುಗಳಷ್ಟೇ ಓಡುತ್ತವೆ.

1876ರಲ್ಲಿ ಮುಗಿದ ತೆಹಾಚಪಿ ಸುರುಳಿಯಲ್ಲಿ ಹಳಿಯು ಒಂದು ಗುಡ್ಡವನ್ನು ಸುತ್ತಿ, ಸುಮಾರು 23 ಮೀಟರ್ ಮೇಲೇರಿ, ತನ್ನನ್ನೇ ದಾಟುತ್ತದೆ. ಗಾಜಿನ ಬೋಗಿಯಲ್ಲಿ ಕುಳಿತಿದ್ದ ನನಗೆ ಎದುರಿನ ಉದ್ದನೆಯ ಗೂಡ್ಸ್ ರೈಲೊಂದರ ಎಂಜಿನ್‌ಗಳು ಮೇಲಿನ ಹಳಿಯಲ್ಲಿಯೂ, ಅದರದೇ ಬಾಲದ ಡಬ್ಬಿಗಳು ಕೆಳಗಿನ ಸುರಂಗದ ಬಾಯಲ್ಲಿಯೂ ಒಟ್ಟಿಗೇ ಕಂಡವು. ಏರು ಸರಿಸುಮಾರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರಿಕೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಷ್ಟೇ ಕಡಿದು, ಆದರೆ ಆ ಹಸಿರಿಲ್ಲ, ಒಣಹುಲ್ಲಿನ ಹೊಂಬಣ್ಣವಿದೆ.

ಕಡಲನ್ನೇ ಕಾಣಬೇಕೆನ್ನುವವರು ಹಳಿ ಕೆಲಸದ ದಿನಾಂಕಗಳನ್ನು ವಿಚಾರಿಸಿಯೇ ಟಿಕೆಟ್ ಮಾಡಿಸಬೇಕು. ನಾನಂತೂ ಇಂಥ ದಿನವನ್ನೇ ಹುಡುಕಿ ಮತ್ತೆ ಹೋಗುವವನಿದ್ದೇನೆ.